ಮದುವೆಯಾಗಿ ಅಮೆರಿಕಕ್ಕೆ ಬಂದ ಮೊದಲ ವರ್ಷ: ಜಂಟಿ ತೆರಿಗೆ ರಿಟರ್ನ್ ಸಲ್ಲಿಸುವುದು ಹೇಗೆ?

ಮಾರ್ಚ್ ಬಂತೆಂದರೆ ಬೇ ಏರಿಯಾದಿಂದ ನ್ಯೂಜೆರ್ಸಿವರೆಗೆ ಹೊಸದಾಗಿ ಮದುವೆಯಾದ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಎಚ್4ನಲ್ಲಿ ಬಂದ ಹೆಂಡತಿಗೆ ಎಸ್‌ಎಸ್‌ಎನ್ ಇಲ್ಲ, ಸಾಫ್ಟ್‌ವೇರ್ ಮುಂದಕ್ಕೇ ಹೋಗ್ತಿಲ್ಲ, ಏನು ಮಾಡ್ಲಿ?" ಎಸ್‌ಎಸ್‌ಎನ್ ಎಂದರೆ ಸೋಶಿಯಲ್ ಸೆಕ್ಯುರಿಟಿ ನಂಬರ್, ರಿಟರ್ನ್‌ನಲ್ಲಿ ತುಂಬಬೇಕಾದ ಒಂಬತ್ತು ಅಂಕಿಯ ಸಂಖ್ಯೆ. ಅಷ್ಟು ಹೊತ್ತಿಗೆ ಕೆಲವರು ಬಾಯಿಗೆ ಬಂದ ಒಂಬತ್ತು ಅಂಕಿ ತುಂಬಿ ಕಳಿಸಿ ರಿಜೆಕ್ಟ್ ಮಾಡಿಸಿಕೊಂಡಿರುತ್ತಾರೆ. ಇನ್ನು ಕೆಲವರು ತಲೆಬಿಸಿಯೇ ಬೇಡವೆಂದು 'ಸಿಂಗಲ್' ಎಂದು ಗುರುತು ಹಾಕಿ ಮುಗಿಸಿರುತ್ತಾರೆ. ಮದುವೆಯಾದವರು ಹಾಗೆ ಸಲ್ಲಿಸುವಂತಿಲ್ಲ. ಸಲ್ಲಿಸಿಬಿಟ್ಟಿದ್ದರೆ 1040-ಎಕ್ಸ್ ಫಾರ್ಮ್ ಹಾಕಿ ತಿದ್ದಿಕೊಳ್ಳಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ ಎಚ್1ಬಿ ಕೆಲಸದ ವೀಸಾದವರು ಊರಿಗೆ ಹೋಗಿ ಮದುವೆಯಾಗಿ ಸಂಗಾತಿಯನ್ನು ಅವಲಂಬಿತರ ಎಚ್4 ವೀಸಾದಲ್ಲಿ ಕರೆತಂದ ಸಂದರ್ಭಕ್ಕೆ. ಕಂಪನಿ ವರ್ಗಾವಣೆಯ ಎಲ್1 ವೀಸಾದವರ ಸಂಗಾತಿಯಾಗಿ ಎಲ್2ನಲ್ಲಿ ಬಂದವರಿಗೆ ಈಗ ವೀಸಾದ ಜೊತೆಗೇ ಕೆಲಸದ ಅನುಮತಿ ಇರುತ್ತದೆ. ಅವರು ನೇರವಾಗಿ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಎಸ್‌ಎಸ್‌ಎನ್ ಪಡೆಯಬೇಕು, ಐಟಿಐಎನ್‌ಗೆ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ) ಅರ್ಜಿ ಹಾಕಬಾರದು.

ಮದುವೆ ಯಾವ ವರ್ಷದ್ದು?

ಡಿಸೆಂಬರ್ 31ರಂದು ನೀವು ವಿವಾಹಿತರಾಗಿದ್ದರೆ ಇಡೀ ವರ್ಷಕ್ಕೆ ವಿವಾಹಿತರೇ. ಧನುರ್ಮಾಸ ಶುರುವಾಗುವ ಮೊದಲು ಮುಹೂರ್ತ ಸಿಕ್ಕಿತೋ, ಸಂಕ್ರಾಂತಿ ಕಳೆದ ಮೇಲೆ ಸಿಕ್ಕಿತೋ ಎಂಬುದರ ಮೇಲೆ ಒಂದು ವರ್ಷದ ತೆರಿಗೆಯೇ ಬದಲಾಗುತ್ತದೆ. ಛತ್ರದಲ್ಲಿ ಧಾರೆ ಆಗಿದ್ದು ನವೆಂಬರ್‌ನಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದ್ದು ಜನವರಿಯಲ್ಲಿ ಎಂದಾದರೆ ಗಾಬರಿ ಬೇಡ. ಪ್ರಮಾಣಪತ್ರದಲ್ಲಿ ಎರಡು ದಿನಾಂಕ ಇರುತ್ತವೆ, ಲೆಕ್ಕಕ್ಕೆ ಬರುವುದು ಮದುವೆ ನಡೆದ ದಿನಾಂಕ.

ರೆಸಿಡೆಂಟ್ ಯಾರು, ಅಲ್ಲದವರು ಯಾರು

ವೀಸಾ ಭಾಷೆಯಲ್ಲಿ ನೀವು ತಾತ್ಕಾಲಿಕವಾಗಿ ಬಂದವರಾಗಿದ್ದರೂ ತೆರಿಗೆ ಭಾಷೆಯಲ್ಲಿ 'ರೆಸಿಡೆಂಟ್' ಆಗಿರಬಹುದು. ಲೆಕ್ಕ ಹೀಗಿದೆ: ಈ ವರ್ಷ ಅಮೆರಿಕದಲ್ಲಿ ಕನಿಷ್ಠ 31 ದಿನ ಇದ್ದಿರಬೇಕು. ಜೊತೆಗೆ ಈ ವರ್ಷದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿದರೆ 183 ಆಗಬೇಕು. ಮೊದಲ ಸಲ ಬಂದ ಸಂಗಾತಿಗೆ ಇದನ್ನು ಸುಲಭವಾಗಿ ನೆನಪಿಡಬಹುದು: ಜುಲೈ 2ರೊಳಗೆ ಬಂದಿಳಿದು ವರ್ಷದ ಕೊನೆಯವರೆಗೂ ಇಲ್ಲೇ ಇದ್ದರೆ ರೆಸಿಡೆಂಟ್, ಆಮೇಲೆ ಬಂದರೆ ಆ ವರ್ಷಕ್ಕೆ ಅಲ್ಲ.

ಇಬ್ಬರಲ್ಲಿ ಒಬ್ಬರಾದರೂ ವರ್ಷದ ಕೊನೆಯ ದಿನ ರೆಸಿಡೆಂಟ್ ಅಥವಾ ನಾಗರಿಕರಾಗಿದ್ದರೆ ಮಾತ್ರ ಜಂಟಿ ರಿಟರ್ನ್‌ನ ದಾರಿ ತೆರೆಯುತ್ತದೆ. ಎಫ್1ನಲ್ಲಿ ಓದುತ್ತಿರುವವರ ಮೊದಲ ಐದು ಕ್ಯಾಲೆಂಡರ್ ವರ್ಷಗಳು ಈ ದಿನಗಣನೆಗೆ ಸೇರುವುದಿಲ್ಲ, ಹಾಗಾಗಿ ಅವರದು ರೆಸಿಡೆಂಟ್ ಅಲ್ಲದವರ ರಿಟರ್ನ್ ಆದ 1040-ಎನ್‌ಆರ್. ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತೀಯ ವಿದ್ಯಾರ್ಥಿಗಳಿಗೆ ಆದಾಯದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಎಷ್ಟೋ ಮಂದಿ ಇದನ್ನು ಕೇಳದೇ ಬಿಟ್ಟುಬಿಡುತ್ತಾರೆ.

ಜಂಟಿಯೋ, ಪ್ರತ್ಯೇಕವೋ?

2025ರ ದರದಲ್ಲಿ ಒಂದು ಲೆಕ್ಕ ನೋಡಿ. ನಿಮ್ಮ ಸಂಬಳ 1,20,000 ಡಾಲರ್, ಸಂಗಾತಿಗೆ ಆದಾಯವಿಲ್ಲ ಎಂದುಕೊಳ್ಳೋಣ. 'ವಿವಾಹಿತರು, ಪ್ರತ್ಯೇಕ ಸಲ್ಲಿಕೆ' ಎಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಡಾಲರ್, ಫೆಡರಲ್ ತೆರಿಗೆ ಸುಮಾರು 17,870. ಜಂಟಿ ಎಂದರೆ ಡಿಡಕ್ಷನ್ 31,500, ತೆರಿಗೆ ಸುಮಾರು 10,140. ಏಳು ಸಾವಿರದ ಏಳುನೂರು ಡಾಲರ್ ಉಳಿತಾಯ. ಸಂಬಳದಲ್ಲಿ ವರ್ಷವಿಡೀ ಸಿಂಗಲ್ ದರದಲ್ಲೇ ಕಡಿತವಾಗಿದ್ದರೆ ಇದೆಲ್ಲ ರಿಫಂಡ್ ಆಗಿ ವಾಪಸು ಬರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಜಂಟಿ ರಿಟರ್ನ್ ಆಯ್ದುಕೊಂಡರೆ ಜನವರಿ 1ರಿಂದ ಇಬ್ಬರ ಜಗತ್ತಿನ ಎಲ್ಲ ಆದಾಯವೂ ಅಮೆರಿಕದ ಲೆಕ್ಕಕ್ಕೆ ಬರುತ್ತದೆ. ಸಂಗಾತಿ ಬೆಂಗಳೂರಿನಲ್ಲಿ ದುಡಿದ ಸಂಬಳ, ಎಫ್‌ಡಿ ಬಡ್ಡಿ, ಮೈಸೂರಿನ ಮನೆಯ ಬಾಡಿಗೆ ಎಲ್ಲವೂ. ಭಾರತದಲ್ಲಿ ಕಟ್ಟಿದ ತೆರಿಗೆಗೆ 1116 ಫಾರ್ಮ್‌ನಲ್ಲಿ ಕ್ರೆಡಿಟ್ ಸಿಗುತ್ತದೆ. ಯಾವುದಾದರೂ ಸತತ ಹನ್ನೆರಡು ತಿಂಗಳಲ್ಲಿ ಸಂಗಾತಿ 330 ಪೂರ್ಣ ದಿನ ಹೊರದೇಶದಲ್ಲಿದ್ದರೆ ಅಲ್ಲಿಯ ಸಂಬಳವನ್ನು 2555 ಫಾರ್ಮ್ ಮೂಲಕ ತೆರಿಗೆಯಿಂದ ಹೊರಗಿಡಲೂ ಬಹುದು. ಒಂದೇ ಆದಾಯಕ್ಕೆ ಎರಡನ್ನೂ ಕೇಳುವಂತಿಲ್ಲ. ಬಾಡಿಗೆ, ಬಡ್ಡಿಗೆ 2555 ಸಲ್ಲುವುದಿಲ್ಲ.

ನನ್ನ ಸಲಹೆ ಸ್ಪಷ್ಟ: ಜಂಟಿಯಾಗಿಯೇ ಸಲ್ಲಿಸಿ. ಆ ವರ್ಷ ಸಂಗಾತಿ ಊರಿನಲ್ಲಿ ಸೈಟು, ಮನೆ ಮಾರಿ ದೊಡ್ಡ ಲಾಭ ಪಡೆದಿದ್ದರೆ ಮಾತ್ರ ಎರಡೂ ರೀತಿಯ ಲೆಕ್ಕ ಹಾಕಿ ನೋಡಿ. ಮುಯ್ಯಿ, ತವರಿನ ಚಿನ್ನ ಆದಾಯವಲ್ಲ, ತೆರಿಗೆಯಿಲ್ಲ. ವಿದೇಶದಲ್ಲಿರುವವರಿಂದ ವರ್ಷದಲ್ಲಿ 1,00,000 ಡಾಲರ್ ಮೀರಿದ ಉಡುಗೊರೆ ಬಂದಿದ್ದರೆ 3520 ಫಾರ್ಮ್‌ನಲ್ಲಿ ತಿಳಿಸಬೇಕು, ಅಷ್ಟೆ.

ವಿಮಾನ ಹತ್ತುವ ಮೊದಲೇ ಸಂಗಾತಿ ಜನವರಿಯಿಂದ ಕೊನೆಯ ತಿಂಗಳವರೆಗಿನ ಸ್ಯಾಲರಿ ಸ್ಲಿಪ್‌ಗಳನ್ನು ಇಳಿಸಿಟ್ಟುಕೊಳ್ಳಲಿ. ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಅಮೆರಿಕಕ್ಕೆ ಬೇಕಿರುವುದು ಜನವರಿಯಿಂದ ಡಿಸೆಂಬರ್‌ವರೆಗಿನದು. ಕೆಲಸ ಬಿಟ್ಟ ದಿನವೇ ಕಂಪನಿಯ ಪೋರ್ಟಲ್ ಮುಚ್ಚಿಹೋಗುವುದುಂಟು. ಭಾರತದ ಮ್ಯೂಚುವಲ್ ಫಂಡ್‌ಗಳ ಬಗ್ಗೆಯೂ ಆಗಲೇ ತೀರ್ಮಾನಿಸಿ. ಅಮೆರಿಕ ಅವನ್ನು ಪಿಎಫ್‌ಐಸಿ ಎಂದು ಕರೆದು ಬೇರೆಯದೇ ಕಠಿಣ ನಿಯಮ ಹಾಕುತ್ತದೆ, ಪ್ರತಿ ಫಂಡಿಗೂ ಬೇರೆ ಬೇರೆ 8621 ಫಾರ್ಮ್. ಸಾಧ್ಯವಾದರೆ ಜಂಟಿ ರಿಟರ್ನ್ ಶುರುವಾಗುವ ವರ್ಷಕ್ಕೆ ಮುಂಚೆಯೇ ಮಾರಿ.

ಡಬ್ಲ್ಯು-7: ಎಲ್ಲರೂ ಎಡವುವ ಜಾಗ

ಎಸ್‌ಎಸ್‌ಎನ್ ಸಿಗದವರಿಗೆ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಕೊಡುವ ಒಂಬತ್ತು ಅಂಕಿಯ ಸಂಖ್ಯೆಯೇ ಐಟಿಐಎನ್. ಅದು 9ರಿಂದ ಶುರುವಾಗುತ್ತದೆ. ಅದಕ್ಕೆ ಅರ್ಜಿ ಡಬ್ಲ್ಯು-7. ಅರ್ಜಿಯನ್ನು ಮೊದಲು ಕಳಿಸಿ ನಂಬರ್ ಬಂದ ಮೇಲೆ ರಿಟರ್ನ್ ಹಾಕುತ್ತೇವೆ ಎಂದು ಬಹಳ ಮಂದಿ ಹೊರಡುತ್ತಾರೆ. ಈ ಸಂದರ್ಭದಲ್ಲಿ ಹಾಗೆ ಆಗುವುದಿಲ್ಲ. ಡಬ್ಲ್ಯು-7 ಮೇಲೆ, ಅದರ ಕೆಳಗೆ ಪೂರ್ತಿ ತುಂಬಿದ ಕಾಗದದ 1040 ರಿಟರ್ನ್, ಎರಡೂ ಒಂದೇ ಲಕೋಟೆಯಲ್ಲಿ ಹೋಗಬೇಕು. ರಿಟರ್ನ್‌ನಲ್ಲಿ ಸಂಗಾತಿಯ ಸಂಖ್ಯೆಯ ಜಾಗ ಖಾಲಿ ಬಿಡಿ. ಮೊದಲ ವರ್ಷ ಇ-ಫೈಲ್ ಇಲ್ಲ.

ಅರ್ಜಿಯ ಮೇಲ್ಭಾಗದಲ್ಲಿ ಕಾರಣದ ಚೌಕಗಳಿವೆ. ನೀವು ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದು ಜಂಟಿಯಾಗಿ ಸಲ್ಲಿಸುತ್ತಿದ್ದರೆ ಗುರುತು ಹಾಕಬೇಕಾದ್ದು 'ಇ' ಚೌಕಕ್ಕೆ, ಅಂದರೆ ನಾಗರಿಕ ಅಥವಾ ರೆಸಿಡೆಂಟ್‌ನ ಸಂಗಾತಿ ಎಂಬುದಕ್ಕೆ. ಕೆಳಗೆ 'ಜಿ' ಚೌಕದಲ್ಲಿ ವೀಸಾ ಎಂಬ ಮಾತು ಕಾಣುತ್ತದೆ. ಎಚ್4 ವೀಸಾ ತಾನೇ ಎಂದು ಜನ ಅಲ್ಲಿಗೆ ಗುರುತು ಹಾಕಿಬಿಡುತ್ತಾರೆ. ಅದು ರೆಸಿಡೆಂಟ್ ಅಲ್ಲದವರ ಸಂಗಾತಿಗೆ. 'ಇ' ಹಾಕಿದ ಮೇಲೆ ಪಕ್ಕದಲ್ಲೇ ನಿಮ್ಮ ಹೆಸರು, ನಿಮ್ಮ ಎಸ್‌ಎಸ್‌ಎನ್ ಬರೆಯುವುದನ್ನು ಮರೆಯಬೇಡಿ. ಅರ್ಜಿಗೆ ಸಂಗಾತಿಯೇ ಸಹಿ ಹಾಕಬೇಕು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತೊಂದರೆಯಿದೆ. ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು ಸೇರಿದ ಹೆಸರುಗಳು ನಮ್ಮವು. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ, ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಮದುವೆಯ ಉತ್ಸಾಹದಲ್ಲಿ ಪಾಸ್‌ಪೋರ್ಟ್ ಬದಲಾಗದಿದ್ದರೂ ಗಂಡನ ಹೆಸರು ಸೇರಿಸಿ ಡಬ್ಲ್ಯು-7 ಬರೆಯುವವರೂ ಇದ್ದಾರೆ. ಪಾಸ್‌ಪೋರ್ಟ್, ಡಬ್ಲ್ಯು-7, 1040 ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಇನ್ನು ಪಾಸ್‌ಪೋರ್ಟ್. ಗುರುತು ಮತ್ತು ವಿದೇಶಿ ಸ್ಥಾನಮಾನ ಎರಡನ್ನೂ ಒಂದೇ ದಾಖಲೆಯಲ್ಲಿ ಸಾಬೀತು ಮಾಡುವುದು ಪಾಸ್‌ಪೋರ್ಟ್ ಮಾತ್ರ, ಬೇರೆಯವುಗಳಾದರೆ ಎರಡೆರಡು ಬೇಕು. ನೋಟರಿ ಮಾಡಿಸಿದ ಪ್ರತಿ ನಡೆಯುವುದಿಲ್ಲ. ಮೂಲ ಪಾಸ್‌ಪೋರ್ಟನ್ನೇ ಅಂಚೆಯಲ್ಲಿ ಕಳಿಸಬಹುದು ಎಂದು ನಿಯಮ ಹೇಳುತ್ತದೆ. ದಯವಿಟ್ಟು ಕಳಿಸಬೇಡಿ. ವಾಪಸು ಬರಲು ಅರವತ್ತು ದಿನ ಹಿಡಿಯಬಹುದು. ಆ ನಡುವೆ ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದು ಫೋನ್ ಬಂದರೆ, ಹೊಸದಾಗಿ ಬಂದ ಹುಡುಗಿ ವಿಮಾನ ಹತ್ತಲಾಗದೆ ಇಲ್ಲೇ ಉಳಿಯಬೇಕಾಗುತ್ತದೆ. ಅದಕ್ಕೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಐಆರ್‌ಎಸ್‌ನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್. ಮೊದಲೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಪಡೆದು ಹೋದರೆ ಪಾಸ್‌ಪೋರ್ಟ್ ಕಣ್ಣೆದುರೇ ಪರಿಶೀಲಿಸಿ ಕೈಗೆ ಕೊಡುತ್ತಾರೆ, ಶುಲ್ಕವಿಲ್ಲ. ಎರಡು, ಸಿಎಎ ಎಂದು ಕರೆಯುವ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್. ಇವರು ಪಾಸ್‌ಪೋರ್ಟ್ ನೋಡಿ ದೃಢೀಕರಣ ಪತ್ರವನ್ನು ಅರ್ಜಿಯ ಜೊತೆ ಸೇರಿಸುತ್ತಾರೆ, ಶುಲ್ಕ ಪಡೆಯುತ್ತಾರೆ. ಐಆರ್‌ಎಸ್ ಜಾಲತಾಣದಲ್ಲಿ ರಾಜ್ಯವಾರು ಪಟ್ಟಿಯಿದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಹತ್ತಿರ ಹೋಗಬೇಡಿ.

'ಎರಡೇ ದಿನದಲ್ಲಿ ಐಟಿಐಎನ್' ಎಂಬ ಜಾಹೀರಾತುಗಳನ್ನು ನಂಬಬೇಡಿ. ಸಂಖ್ಯೆ ಕೊಡುವುದು ಐಆರ್‌ಎಸ್ ಮಾತ್ರ, ಅದಕ್ಕೆ ಸುಮಾರು ಏಳು ವಾರ ಬೇಕು. ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಒಂಬತ್ತರಿಂದ ಹನ್ನೊಂದು ವಾರ. ವಾಟ್ಸಾಪ್ ಗುಂಪುಗಳಲ್ಲಿ 'ಹೆಚ್ಚು ರಿಫಂಡ್ ಗ್ಯಾರಂಟಿ' ಎನ್ನುವವರಿಂದಲೂ ದೂರವಿರಿ. ಹಣ ಪಡೆದು ರಿಟರ್ನ್ ತಯಾರಿಸುವವರಿಗೆ ಪಿಟಿಐಎನ್ ಸಂಖ್ಯೆ ಇರಬೇಕು, ರಿಟರ್ನ್ ಮೇಲೆ ಅವರೂ ಸಹಿ ಹಾಕಬೇಕು. ಸಹಿ ಹಾಕಲು ಹಿಂಜರಿದರೆ ಎದ್ದು ಬನ್ನಿ.

ಒಂದು ಪುಟದ ಹೇಳಿಕೆ

ಇಬ್ಬರನ್ನೂ ರೆಸಿಡೆಂಟ್ ಎಂದು ಪರಿಗಣಿಸುವಂತೆ ಕೋರುವ ತೆರಿಗೆ ಕಾನೂನಿನ ಆಯ್ಕೆಯನ್ನು ಜಂಟಿ ರಿಟರ್ನ್ ಜೊತೆ ಹೇಳಿಕೆಯಲ್ಲಿ ತಿಳಿಸಬೇಕು. ಸಂಗಾತಿ ವರ್ಷದ ಕೊನೆಗೂ ರೆಸಿಡೆಂಟ್ ಆಗಿರದಿದ್ದರೆ 6013(ಜಿ), ವರ್ಷದ ನಡುವೆ ಆಗಿದ್ದರೆ 6013(ಎಚ್) ಸೆಕ್ಷನ್ ಅಡಿ ಆಯ್ಕೆ. ಬಿಳಿ ಹಾಳೆಯಲ್ಲಿ ಇಬ್ಬರ ಹೆಸರು, ವಿಳಾಸ, ಸಂಖ್ಯೆ ಬರೆದು, ವರ್ಷದ ಕೊನೆಯ ದಿನ ಯಾರ ಸ್ಥಾನಮಾನ ಏನಿತ್ತು ಎಂದು ತಿಳಿಸಿ, ಇಡೀ ವರ್ಷಕ್ಕೆ ನಮ್ಮಿಬ್ಬರನ್ನೂ ರೆಸಿಡೆಂಟ್ ಎಂದು ಪರಿಗಣಿಸಬೇಕು ಎಂದು ಬರೆದು, ಇಬ್ಬರೂ ಸಹಿ ಹಾಕಿ ರಿಟರ್ನ್‌ಗೆ ಲಗತ್ತಿಸಿ. 'ಎಚ್' ಆಯ್ಕೆ ಜೀವನದಲ್ಲಿ ಒಮ್ಮೆ, ಆ ಒಂದು ವರ್ಷಕ್ಕೆ. 'ಜಿ' ಮುಂದಿನ ವರ್ಷಗಳಿಗೂ ಸಾಗುತ್ತದೆ, ಒಮ್ಮೆ ಕೈಬಿಟ್ಟರೆ ಮತ್ತೆ ಆಯ್ದುಕೊಳ್ಳಲಾಗದು.

ಇಬ್ಬರ ಸಹಿ, ಕಂಪನಿ ಕೊಡುವ ವರ್ಷದ ಸಂಬಳದ ಪತ್ರವಾದ ಡಬ್ಲ್ಯು-2, ಹೇಳಿಕೆ, ಡಬ್ಲ್ಯು-7 ಎಲ್ಲ ಸೇರಿಸಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಐಟಿಐಎನ್ ವಿಭಾಗಕ್ಕೆ, ಡಬ್ಲ್ಯು-7 ಸೂಚನಾ ಪುಸ್ತಕದಲ್ಲಿರುವ ವಿಳಾಸಕ್ಕೆ ಕಳಿಸಿ. 1040 ಪುಸ್ತಕದಲ್ಲಿರುವ ವಿಳಾಸಕ್ಕಲ್ಲ. ಟ್ರ್ಯಾಕಿಂಗ್ ಇರಲಿ, ಪ್ರತಿ ಹಾಳೆಯ ನಕಲು ನಿಮ್ಮ ಬಳಿ ಇರಲಿ.

ಸಂಗಾತಿ ಇನ್ನೂ ಊರಿನಲ್ಲೇ ಇದ್ದು ವೀಸಾ ಸ್ಟಾಂಪಿಂಗ್‌ಗೆ ಕಾಯುತ್ತಿದ್ದರೆ ಅವಸರ ಬೇಡ. ಏಪ್ರಿಲ್ 15ರೊಳಗೆ 4868 ಫಾರ್ಮ್ ಹಾಕಿದರೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಅದು ಸಲ್ಲಿಕೆಗೆ ಸಿಗುವ ಸಮಯವೇ ಹೊರತು ಹಣ ಕಟ್ಟಲು ಅಲ್ಲ, ಬಾಕಿ ಬರುವಂತಿದ್ದರೆ ಏಪ್ರಿಲ್‌ನಲ್ಲೇ ಕಟ್ಟಿಬಿಡಿ. ಗಡುವಿನೊಳಗೆ 'ಪ್ರತ್ಯೇಕ' ಎಂದು ಸಲ್ಲಿಸಿದವರು ಮೂರು ವರ್ಷದೊಳಗೆ ಜಂಟಿಗೆ ಬದಲಾಯಿಸಿಕೊಳ್ಳಬಹುದು. ಜಂಟಿಯಿಂದ ಪ್ರತ್ಯೇಕಕ್ಕೆ ಗಡುವು ದಾಟಿದ ಮೇಲೆ ಹೋಗಲಾಗದು.

ಆಮೇಲೆ

ಸಂಖ್ಯೆ ಸಿಪಿ565 ಎಂಬ ಪತ್ರದಲ್ಲಿ ಬರುತ್ತದೆ. ಸಿಪಿ566 ಬಂದರೆ ಇನ್ನಷ್ಟು ದಾಖಲೆ ಕೇಳಿದ್ದಾರೆ ಎಂದರ್ಥ, ಅದನ್ನು ಪಕ್ಕಕ್ಕೆ ಇಡದೆ ಉತ್ತರಿಸಿ. ಭಾರತದಲ್ಲಿರುವ ನಿಮ್ಮ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ ಒಟ್ಟು 10,000 ಡಾಲರ್ ದಾಟಿದ್ದರೆ ವಿದೇಶಿ ಖಾತೆಗಳ ವರದಿಯಾದ ಎಫ್‌ಬಿಎಆರ್ ಬೇರೆಯಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಪ್ಪ-ಅಮ್ಮನ ಜೊತೆಗಿನ ಜಂಟಿ ಖಾತೆಯೂ ಸೇರುತ್ತದೆ. ಆಫೀಸಿನಲ್ಲಿ ತೆರಿಗೆ ಕಡಿತದ ಫಾರ್ಮ್ ಆದ ಡಬ್ಲ್ಯು-4 ಬದಲಾಯಿಸಿ, ಕಡಿತ ಕಡಿಮೆಯಾಗುತ್ತದೆ. ಮೂರು ವರ್ಷ ಸತತವಾಗಿ ರಿಟರ್ನ್‌ನಲ್ಲಿ ಬಳಸದಿದ್ದರೆ ಐಟಿಐಎನ್ ಅವಧಿ ಮುಗಿಯುತ್ತದೆ. ಮುಂದೆ ಸಂಗಾತಿಗೆ ಕೆಲಸದ ಅನುಮತಿ ಸಿಕ್ಕಿ ಎಸ್‌ಎಸ್‌ಎನ್ ಬಂದರೆ ಐಟಿಐಎನ್ ಬಳಸುವುದನ್ನು ನಿಲ್ಲಿಸಿ, ಎರಡೂ ದಾಖಲೆ ಒಂದುಗೂಡಿಸುವಂತೆ ಐಆರ್‌ಎಸ್‌ಗೆ ಪತ್ರ ಬರೆಯಿರಿ.