ಕಾರನ್ನು ಫೆರ್ರಿಗೆ ಹತ್ತಿಸುವುದು ಹೇಗೆ?

ಸಿಗಂದೂರು ಲಾಂಚಿಗೆ ಕಾರು ಹತ್ತಿಸಿದವರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಆ ಮಜಾ ಮತ್ತೆ ಬೇಕು ಅನ್ನುವವರು ಮಹಾರಾಷ್ಟ್ರದ ಕೊಂಕಣಕ್ಕೆ ಹೋಗಬಹುದು.

ಮೊದಲು ದಾರಿ. ಬೆಳಗಿನ ಜಾವವೇ ಹೈವೇ ಹಿಡಿದು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ. ಅಲ್ಲಿಂದ ಅಂಬಾ ಘಾಟಿ ಇಳಿದರೆ ರತ್ನಾಗಿರಿ. ಮುಂದೆ ಉತ್ತರಕ್ಕೆ ಹೋಗುತ್ತಾ ಜಯಗಡ–ತವಸಾಳ, ಧೋಪಾವೆ–ದಾಭೋಳ, ವೇಸವಿ–ಬಾಗಮಾಂಡಲಾ, ದಿಘಿ–ಆಗರದಾಂಡಾ. ಸಮುದ್ರ ಸೇರುವ ಹೊಳೆ, ಕೊಲ್ಲಿಗಳನ್ನು ನಾಲ್ಕು ಕಡೆ ಫೆರ್ರಿಯಲ್ಲೇ ದಾಟಬಹುದು. ದಾಭೋಳದಲ್ಲಿ ಫೆರ್ರಿ ಬೇಡವೆಂದರೆ ಚಿಪ್ಲೂಣ್ ಸುತ್ತಿ ಬರಬೇಕು.

ಟಿಕೆಟ್ ದಡದಲ್ಲೇ ಸಿಗುತ್ತದೆ. ಕಾರಿಗೊಂದು ದರ, ತಲೆಗೊಂದು ದರ. ಚಿಲ್ಲರೆ ಇರಲಿ.

ಕಷ್ಟ ಇರುವುದು ದಡದಿಂದ ಫೆರ್ರಿಗೆ ಹತ್ತುವ ಇಳಿಜಾರು ಹಲಗೆ, ಅಂದರೆ ರ‍್ಯಾಂಪಿನಲ್ಲಿ. ಬಯಲುಸೀಮೆಯ ನಮಗೆ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ ಅನ್ನುವುದು ನೆನಪೇ ಇರುವುದಿಲ್ಲ. ನೀರು ಇಳಿದಾಗ ಫೆರ್ರಿ ತಗ್ಗಿನಲ್ಲಿರುತ್ತದೆ, ಇಳಿಜಾರು ಜಾಸ್ತಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ಇನ್ನೂ ಜಾಸ್ತಿ. ಇದು ಗೊತ್ತಿಲ್ಲದೆ ಹೋಗಿ ನಾನು ಬಂಪರ್ ಕೆರೆಸಿಕೊಂಡೆ. ನಿಮ್ಮದು ತಗ್ಗಿನ ಕಾರಾದರೆ ನೀರು ಏರುವವರೆಗೆ ಒಂದು ಚಹಾ ಕುಡಿಯಿರಿ. ಉಳಿದವರನ್ನು ಕೆಳಗಿಳಿಸಿ, ಮೊದಲ ಗೇರಿನಲ್ಲಿ ನಿಧಾನವಾಗಿ ಹತ್ತಿಸಿ. ಕೆಲವೊಮ್ಮೆ ಫೆರ್ರಿಯವರು ರಿವರ್ಸ್‌ನಲ್ಲೇ ಹತ್ತಿಸಲು ಹೇಳುತ್ತಾರೆ. ಆಗ ನಿಮ್ಮ ಕನ್ನಡಿಗಿಂತ ಅವರ ಕೈಸನ್ನೆ ನಂಬಿ.

ನಿಂತ ಮೇಲೆ ಎಂಜಿನ್ ಆಫ್, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕನ್ನಡಿ ಮಡಚಿ. ಆಚೆ ದಡ ಬಂತು ಅಂತ ಸುಮ್ನೆ ಅವಸರ ಬೇಡ. ರ‍್ಯಾಂಪ್ ಪೂರ್ತಿ ನೆಲಕ್ಕೆ ಕೂತ ಮೇಲೇ ಸ್ಟಾರ್ಟ್ ಮಾಡಿ.

ಇವೆಲ್ಲ ಚಿಕ್ಕ ದಾಟುಗಳು. ನಿಜವಾದ ಹಡಗು ಬೇಕಾದರೆ ಅಲಿಬಾಗ್ ಹತ್ತಿರದ ಮಾಂಡ್ವಾಕ್ಕೆ ಹೋಗಿ. ಅಲ್ಲಿಂದ ಮುಂಬೈಯ ಭಾವೂಚಾ ಧಕ್ಕಾಗೆ 2020ರಿಂದ ರೋ-ರೋ ಹಡಗು, ಅಂದರೆ ಗಾಡಿ ಓಡಿಸಿಕೊಂಡೇ ಹತ್ತಿ ಇಳಿಯುವ ಹಡಗು ಇದೆ. ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಇದಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ. ಕಾರು ಕೆಳಗೆ, ಜನ ಮೇಲೆ. ಹಾಗಾಗಿ ನೀರು, ಮಕ್ಕಳ ಟೋಪಿ ಮೊದಲೇ ಕೈಯಲ್ಲಿರಲಿ. ಹೊಟ್ಟೆ ತುಂಬ ಮಂಡಕ್ಕಿ-ಮಿರ್ಚಿ ತಿಂದು ಮಾತ್ರ ಹತ್ತಬೇಡಿ. ಅಲೆ ಎದ್ದರೆ ಗೊತ್ತಾಗುತ್ತದೆ!

ಊರಿಗೆ ಬಂದ ಕೂಡಲೇ ಕಾರಿನ ತಳ ತೊಳೆಸಿ. ಉಪ್ಪುನೀರು ಬಿದ್ದಿದೆ ಅಂತ ವಾಟರ್ ಸರ್ವೀಸ್ ಹುಡುಗನಿಗೆ ಹೇಳಿ. ಇಲ್ಲವಾದರೆ ಅವನು ಮೇಲೆ ಮಾತ್ರ ಫಳಫಳ ಮಾಡಿ ಕೊಡುತ್ತಾನೆ, ಅಲ್ವಾ?