ಬೆನ್ನು ಬೆಳೆಯುವ ಫೈಲು

ಒಂದು ಸಲ ಫೈಲು ಮಾಡುವ ಹುರುಪಿನಲ್ಲಿ ರಸೀದಿಯ ನಂಬರಿನ ಮೇಲೇ ತೂತು ಹೊಡೆದುಬಿಟ್ಟಿದ್ದೆ. ಎಂಟು ಅಂಕಿಯಲ್ಲಿ ಒಂದು ಅಂಕಿ ಮಾಯ. ಅದು ಮೂರೋ ಎಂಟೋ ಎಂದು ಕೌಂಟರಿನಲ್ಲಿ ಕೂತವರು ಕೇಳಿದರೆ ನಾನು ಏನು ಹೇಳಲಿ? ಮನೆಗೆ ಬಂದು ಪಂಚಿಂಗ್ ಮಷಿನ್ನಿನ ಹೊಟ್ಟೆಯಲ್ಲಿದ್ದ ಚುಕ್ಕೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಕನ್ನಡಕ ಹಾಕಿಕೊಂಡು ಹುಡುಕಿದ್ದೂ ಆಯಿತು. ಸಿಗಲಿಲ್ಲ ಬಿಡಿ. ತೂತು ಹೊಡೆಯುವ ಮೊದಲು ಎರಡು ಸಲ ನೋಡುವ ಅಭ್ಯಾಸ ಬಂದದ್ದು ಹಾಗೆ.

ಬಿಡಿ ಕಾಗದ ಕೂಡಿಸಿಡಲು ನಾನು ಎಲ್ಲ ಬಗೆಯ ಫೈಲುಗಳನ್ನೂ ಬಳಸಿ ನೋಡಿದ್ದೇನೆ. ಕೊನೆಗೆ ಕೈಗೆ ಒಗ್ಗಿದ್ದು ಬೆನ್ನು ಹಿಗ್ಗುವ ರಟ್ಟಿನ ಹೊದಿಕೆ. ನೋಡಲು ಬಹಳ ಸಾದಾ. ಮೇಲೊಂದು ರಟ್ಟು, ಕೆಳಗೊಂದು ರಟ್ಟು. ಎರಡಕ್ಕೂ ಬೆನ್ನಿನ ಕಡೆ ಮಡಚಿಕೊಳ್ಳುವ ಒಂದೊಂದು ಪಟ್ಟಿ. ಈ ಎರಡು ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಕಾಗದದ ತೂತುಗಳಲ್ಲಿ ಎರಡು ಚಿಕ್ಕ ಲೋಹದ ಕಂಬಿ ಹಾದು ಬಂದು, ಮೇಲಿನಿಂದ ಸ್ಕ್ರೂ ಬಿಗಿಯುತ್ತದೆ. ಕಾಗದ ಜಾಸ್ತಿಯಾದರೆ ಕಂಬಿಗೆ ಇನ್ನೊಂದು ತುಂಡು ತಿರುಗಿಸಿ ಸೇರಿಸಿದರಾಯಿತು. ಕಂಬಿ ಉದ್ದವಾಗುತ್ತದೆ, ಬೆನ್ನಿನ ಪಟ್ಟಿಗಳು ಅಷ್ಟೇ ಅಗಲಕ್ಕೆ ಸರಿದುಕೊಳ್ಳುತ್ತವೆ.

ಇದರಲ್ಲಿ ಏನು ವಿಶೇಷ ಅಂತೀರಾ? ಲಿವರ್ ಇರುವ ದಪ್ಪ ಫೈಲನ್ನು ನೆನಪಿಸಿಕೊಳ್ಳಿ. 1896ರಲ್ಲಿ ಜರ್ಮನಿಯ ಲೂಯಿ ಲೈಟ್ಸ್ ರೂಪ ಕೊಟ್ಟ ಆ ಫೈಲು ಒಳ್ಳೆಯದೇ, ಕಚೇರಿಗೆ ಅದೇ ಸರಿ. ಆದರೆ ಅದರ ಬೆನ್ನು ಏಳೆಂಟು ಸೆಂಟಿಮೀಟರ್ ಅಗಲ, ಅದೂ ಗಟ್ಟಿಯಾಗಿ ಕೂತದ್ದು. ಮನೆಯ ಇಪ್ಪತ್ತು ಮೂವತ್ತು ಹಾಳೆ ಅದರೊಳಗೆ ಹಾಕಿದರೆ ಖಾಲಿ ಮನೆಯಲ್ಲಿ ಚಾಪೆ ಹಾಸಿದ ಹಾಗೆ. ಫೈಲು ನಿಲ್ಲಿಸಿದರೆ ಹಾಳೆಗಳು ಒಂದು ಕಡೆ ಜೋತು ಬೀಳುತ್ತವೆ, ತೂತುಗಳ ಮೇಲೆ ಭಾರ ಬೀಳುತ್ತದೆ, ನಿಧಾನಕ್ಕೆ ಹರಿಯುತ್ತವೆ. ಬೆನ್ನು ಹಿಗ್ಗುವ ಹೊದಿಕೆಯಲ್ಲಿ ಹತ್ತು ಹಾಳೆ ಇದ್ದರೂ ಬಿಗಿಯಾಗಿ ಹಿಡಿದಿಡುತ್ತದೆ, ಮುನ್ನೂರು ಇದ್ದರೂ ಅಷ್ಟೇ.

ಒಂದು ಕೊರತೆ ಮೊದಲೇ ಹೇಳಿಬಿಡುತ್ತೇನೆ. ಇದು ಪುಸ್ತಕದ ಹಾಗೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ನಡುವೆ ಹಾಳೆ ಸೇರಿಸಬೇಕೆಂದರೆ ಸ್ಕ್ರೂ ಬಿಚ್ಚಲೇಬೇಕು. ಆದ್ದರಿಂದ ದಿನಾ ತೆಗೆದು ಹಾಕುವ ಕಾಗದಕ್ಕೆ ಇದು ಬೇಡ. ಕೆಲಸ ಮುಗಿದ, ಆದರೆ ಎಸೆಯಲಾಗದ ಕಾಗದಕ್ಕೆ ಹೇಳಿ ಮಾಡಿಸಿದ್ದು. ತೆರಿಗೆ ಕಟ್ಟಿದ ರಸೀದಿ, ಹಳೆಯ ಆಸ್ಪತ್ರೆ ವರದಿಗಳು, ಮನೆ ರಿಪೇರಿಯ ಲೆಕ್ಕ, ಕೈಬರಹದ ಅಡುಗೆ ಹಾಳೆಗಳು, ಹೀಗೆ. ನಡೆಯುತ್ತಿರುವ ವ್ಯವಹಾರದ ಕಾಗದವನ್ನು ನಾನು ಬೇರೆ ಒಂದು ಚೀಲದಲ್ಲಿ ಇಡುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಅಲ್ಲಿಂದ ಇಲ್ಲಿಗೆ ವರ್ಗ.

ತೂತಿನ ವಿಷಯಕ್ಕೆ ಬರೋಣ. ನಮ್ಮ ಸಾಮಾನ್ಯ ಎರಡು ತೂತಿನ ಮಷಿನ್ನು ಹೊಡೆಯುವ ತೂತುಗಳ ನಡುವಿನ ಅಂತರ 80 ಮಿಲಿಮೀಟರ್. ಒಂದು ತೂತಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಈ ಲೆಕ್ಕ. ಕಾಗದದ ಅಂಚಿನಿಂದ ತೂತಿನ ಮಧ್ಯಕ್ಕೆ 12 ಮಿಲಿಮೀಟರ್, ತೂತಿನ ಅಗಲ 6 ಮಿಲಿಮೀಟರ್. ಆದರೆ ಎಲ್ಲ ಹೊದಿಕೆಗಳ ಕಂಬಿಗಳೂ ಇದೇ ಅಂತರದಲ್ಲಿ ಇರುತ್ತವೆ ಎಂದು ನಂಬಬೇಡಿ. ಬೇರೆ ಅಳತೆಯವೂ ಬರುತ್ತವೆ. ಕೊಳ್ಳಲು ಹೋಗುವಾಗ ನಿಮ್ಮ ಮಷಿನ್ನಿನಲ್ಲಿ ತೂತು ಹೊಡೆದ ಒಂದು ಹಾಳೆ ಜೇಬಿನಲ್ಲಿ ಇರಲಿ. ಕಂಬಿಗೆ ಹಾಕಿ ನೋಡಿ. ಹಾಳೆ ಸ್ವಲ್ಪವಾದರೂ ಸುಕ್ಕಾದರೆ ವಾಪಸು ಇಟ್ಟುಬಿಡಿ.

ಹಾಳೆಗೆ ತೂತು ಹೊಡೆಯುವಾಗ ಅದರ ಮೇಲಂಚು ಕೆಳಂಚಿಗೆ ತಾಗುವ ಹಾಗೆ ಬಗ್ಗಿಸಿ, ತೂತು ಬೀಳುವ ಅಂಚಿನಲ್ಲಿ ಮಾತ್ರ ಉಗುರಿನಿಂದ ಚಿಕ್ಕ ಗುರುತು ಮಾಡಿ. ಪೂರ್ತಿ ಮಡಚುವುದು ಬೇಡ. ಆ ಗುರುತು ಮಷಿನ್ನಿನ ನಡುಬಾಣಕ್ಕೆ ಸರಿಯಾಗಿ ಕೂರಬೇಕು. ಒಂದೇ ಸಲ ಇಪ್ಪತ್ತು ಹಾಳೆ ತುರುಕಿ ಒತ್ತುವವರು ಇದ್ದಾರೆ. ಕೆಳಗಿನ ಹಾಳೆಗಳು ಜಾರಿ, ತೂತು ಓರೆಯಾಗಿ, ಫೈಲಿನ ಅಂಚು ಹಲ್ಲುಕಿರಿದ ಹಾಗೆ ಕಾಣುತ್ತದೆ. ಆರೇಳು ಹಾಳೆ ಸಾಕು.

ಮೂಲ ದಾಖಲೆಗೆ ಮಾತ್ರ ತೂತು ಬೇಡವೇ ಬೇಡ. ಅದನ್ನು ಪಾರದರ್ಶಕ ಕವರಿನಲ್ಲಿ ಹಾಕಿ, ಕವರಿನ ಅಂಚಿನಲ್ಲಿ ಇರುವ ತೂತಿನಿಂದ ಕಟ್ಟಿ. ಅಂಚಿನವರೆಗೂ ಅಕ್ಷರ ಇರುವ ಜೆರಾಕ್ಸ್ ಪ್ರತಿ, ಬಿಲ್ಲು ಇಂಥವಕ್ಕೆ ಇನ್ನೊಂದು ಉಪಾಯ ಇದೆ. ಎರಡೂವರೆ ಸೆಂಟಿಮೀಟರ್ ಅಗಲದ ಒಂದು ದಪ್ಪ ಕಾಗದದ ಪಟ್ಟಿ ಕತ್ತರಿಸಿ, ಅದರ ಅಂಚನ್ನು ಹಾಳೆಯ ಹಿಂಬದಿಗೆ ತೆಳುವಾಗಿ ಅಂಟಿಸಿ. ತೂತು ಬೀಳುವುದು ಪಟ್ಟಿಗೆ, ಹಾಳೆಗಲ್ಲ. ಜೊತೆಗೆ ಹಾಳೆ ಬೆನ್ನಿನಿಂದ ಅಷ್ಟು ಹೊರಗೆ ಬಂದು ಕೂರುವುದರಿಂದ ಎಡಗಡೆಯ ಅಕ್ಷರವೂ ಮರೆಯಾಗುವುದಿಲ್ಲ.

ಈ ಪಟ್ಟಿಗೆ ಇನ್ನೂ ಒಂದು ಕೆಲಸ ಇದೆ, ಬಹಳ ಜನ ಗಮನಿಸುವುದಿಲ್ಲ. ಚಿಕ್ಕ ಚಿಕ್ಕ ಬಿಲ್ಲುಗಳನ್ನು ದೊಡ್ಡ ಹಾಳೆಗೆ ಅಂಟಿಸುತ್ತೇವಲ್ಲ, ಆಗ ಫೈಲಿನ ಹೊರ ಅಂಚು ಉಬ್ಬುತ್ತದೆ, ಬೆನ್ನು ತೆಳ್ಳಗೇ ಉಳಿಯುತ್ತದೆ. ಸ್ಕ್ರೂ ಎಷ್ಟೇ ಬಿಗಿ ಮಾಡಿ, ಫೈಲು ಬಾಯಿ ತೆರೆದ ಮೊಸಳೆ. ಮೇಲೆ ಭಾರ ಇಟ್ಟರೂ ಪ್ರಯೋಜನ ಇಲ್ಲ, ಏಕೆಂದರೆ ತೊಂದರೆ ಇರುವುದು ಬೆನ್ನಿನಲ್ಲಿ. ಅದಕ್ಕೆ ನಾನು ನಾಲ್ಕೈದು ಹಾಳೆಗೊಂದರಂತೆ ಬರೀ ಪಟ್ಟಿಗಳನ್ನು ತೂತು ಹೊಡೆದು ಕಂಬಿಗೆ ಹಾಕುತ್ತೇನೆ. ಹಾಳೆ ಇಲ್ಲ, ಸುಮ್ನೆ ಪಟ್ಟಿ. ಬೆನ್ನು ಅಷ್ಟು ದಪ್ಪವಾಗಿ ಎರಡೂ ಕಡೆ ಸಮವಾಗುತ್ತದೆ. ಪುಸ್ತಕ ಕಟ್ಟುವವರು ಫೋಟೋ ಆಲ್ಬಮ್ಮಿಗೆ ಮಾಡುವುದೂ ಇದನ್ನೇ. ಬಿಲ್ಲು ಅಂಟಿಸುವಾಗಲೂ ಒಂದರ ಮೇಲೊಂದು ಗುಡ್ಡೆ ಹಾಕಬೇಡಿ. ಮೇಲಿನ ಅಂಚಿಗೆ ಮಾತ್ರ ಅಂಟು ಸವರಿ, ಹೆಂಚು ಹೊದಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ಜಾರಿಸಿ ಅಂಟಿಸಿ. ಎತ್ತಿ ನೋಡಲೂ ಬರುತ್ತದೆ, ಉಬ್ಬೂ ಕಡಿಮೆ.

ಈಗ ನಡುವೆ ಹಾಳೆ ಸೇರಿಸುವ ಕಷ್ಟ. ಸ್ಕ್ರೂ ಬಿಚ್ಚಿ ಮೇಲಿನ ನೂರು ಹಾಳೆ ಎತ್ತಿದಿರಿ ಎಂದಿಟ್ಟುಕೊಳ್ಳಿ. ಫ್ಯಾನಿನ ಗಾಳಿ ಬೀಸಿತು, ಅಥವಾ ಫೋನು ಬಂತು. ಹಾಳೆಗಳು ಜಾರಿದವು. ಮತ್ತೆ ನೂರು ತೂತು ಸರಿಹೊಂದಿಸುವ ಹೊತ್ತಿಗೆ ಮಧ್ಯಾಹ್ನ ಕಳೆಯುತ್ತದೆ. ನಾನು ಏನು ಮಾಡುತ್ತೇನೆ ಗೊತ್ತಾ? ಬರೆದು ಖಾಲಿಯಾದ ಎರಡು ಬಾಲ್ ಪೆನ್ ರೀಫಿಲ್ ಇಟ್ಟುಕೊಂಡಿದ್ದೇನೆ. ಸ್ಕ್ರೂ ಬಿಚ್ಚಿದ ಮೇಲೆ ಎತ್ತಬೇಕಾದ ಹಾಳೆಗಳನ್ನು ಕಂಬಿಯ ತುದಿಯವರೆಗೆ ಮಾತ್ರ ಮೇಲೆತ್ತುತ್ತೇನೆ, ಪೂರ್ತಿ ಹೊರಗಲ್ಲ. ಅಲ್ಲೇ ಮೇಲಿನಿಂದ ಎರಡೂ ತೂತಿಗೆ ಒಂದೊಂದು ರೀಫಿಲ್ ಇಳಿಸುತ್ತೇನೆ. ಆಮೇಲೆ ಕಟ್ಟನ್ನು ರೀಫಿಲ್ ಸಮೇತ ಪಕ್ಕಕ್ಕಿಟ್ಟರೆ ಒಂದು ಹಾಳೆಯೂ ಅಲುಗುವುದಿಲ್ಲ. ಹೊಸ ಹಾಳೆ ಕಂಬಿಗೆ ಹಾಕಿ, ರೀಫಿಲ್ಲಿನ ಕೆಳತುದಿಯನ್ನು ಕಂಬಿಯ ಬಾಯಿಗೆ ತಾಗಿಸಿ ಕಟ್ಟನ್ನು ಮೆಲ್ಲಗೆ ಕೆಳಗೆ ಜಾರಿಸಿದರೆ ತಾನಾಗಿ ಕೂರುತ್ತದೆ. ಇಂಕು ಮಾತ್ರ ಪೂರ್ತಿ ಮುಗಿದಿರಬೇಕು ಮತ್ತೆ!

ಕಂಬಿಗೆ ತುಂಡು ಸೇರಿಸುತ್ತಾ ಹೋದರೆ ಫೈಲು ಎಷ್ಟಾದರೂ ಬೆಳೆಯಬಹುದಲ್ವಾ ಎಂದು ಅನಿಸಬಹುದು. ಬೆಳೆಯುತ್ತದೆ, ಹೊರುವುದು ಯಾರು? ಸಾಮಾನ್ಯ ಪ್ರಿಂಟು ಕಾಗದ 100 ಹಾಳೆಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ದಪ್ಪ. ಒಂದು ಎ4 ಹಾಳೆಯ ತೂಕ 5 ಗ್ರಾಮ್. 500 ಹಾಳೆ ಎಂದರೆ 5 ಸೆಂಟಿಮೀಟರ್ ದಪ್ಪ, ಎರಡೂವರೆ ಕಿಲೋ ತೂಕ. ಅದೂ ಹೊಸ ಹಾಳೆ. ಮಡಚಿ, ಅಂಟಿಸಿ, ಸುಕ್ಕಾದ ಮನೆಯ ಕಾಗದ ಇನ್ನೂ ಬೇಗ ದಪ್ಪವಾಗುತ್ತದೆ. ನನ್ನ ಲೆಕ್ಕದಲ್ಲಿ 5 ಸೆಂಟಿಮೀಟರ್ ಆದ ಕೂಡಲೇ ಎರಡನೇ ಸಂಪುಟ ಶುರು. ಬೆನ್ನಿನ ಪಟ್ಟಿಗಳು ಒಂದರ ಮೇಲೊಂದು ಒಂದು ಸೆಂಟಿಮೀಟರಾದರೂ ಹಾದುಕೊಂಡಿರಬೇಕು. ಅದಕ್ಕಿಂತ ಕಡಿಮೆಯಾದರೆ ನಡುವಿನ ಸಂದಿಯಿಂದ ಧೂಳು ಒಳಗೆ ಇಳಿಯುತ್ತದೆ. ಸ್ಕ್ರೂ ತಾನಾಗಿ ಸಡಿಲವಾಗುತ್ತಿದ್ದರೆ ಅದರ ಸುರುಳಿ ಗೀರುಗಳಿಗೆ ಒಂದು ಹನಿ ನೇಲ್ ಪಾಲಿಶ್ ಸವರಿ ಬಿಗಿಯಿರಿ. ಬೇಕಾದಾಗ ಬಿಚ್ಚಲೂ ಬರುತ್ತದೆ.

ರಟ್ಟಿನ ಹೊದಿಕೆಯೋ ಪ್ಲಾಸ್ಟಿಕ್ಕೋ ಎಂದು ಕೇಳಿದರೆ ನನ್ನ ಓಟು ರಟ್ಟಿಗೇ, ಅದಕ್ಕೆ ಬಟ್ಟೆ ಸುತ್ತಿದ್ದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ಕಿನಲ್ಲಿ ಮೆತ್ತಗೆ, ವಾಸನೆ ಹೊಡೆಯುವ ಪಿವಿಸಿ ಮಾತ್ರ ಬೇಡ. ಅದನ್ನು ಮೃದು ಮಾಡಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಗೆ ಬಂದು ಜೆರಾಕ್ಸಿನ ಕಪ್ಪನ್ನು ಕರಗಿಸುತ್ತದೆ. ಕೆಲವು ವರ್ಷ ಬಿಟ್ಟು ಕವರು ಎತ್ತಿದರೆ ಅಕ್ಷರ ಕವರಿಗೇ ಅಂಟಿಕೊಂಡು ಬಂದಿರುತ್ತದೆ, ಕಾಗದ ಬೋಳು. ಯಾವುದು ಯಾವುದು ಎಂದು ತಿಳಿಯಲು ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ ನೀರಿನಲ್ಲಿ ಬಿಡಿ. ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರೆಸಿ ಬಿಡಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ತೇಲಿದರೆ ಪಾಲಿಪ್ರೊಪಿಲೀನ್ ಜಾತಿಯದು, ಇಟ್ಟುಕೊಳ್ಳಿ. ಮುಳುಗಿದರೆ ಪಿವಿಸಿ ಇರಬಹುದು, ಕಾಗದದ ಹತ್ತಿರ ಬಿಡಬೇಡಿ.

ಅಂಗಡಿಯ ಮಷಿನ್ನಿನಿಂದ ಬರುವ ನುಣುಪು ರಸೀದಿಗಳ ಗತಿಯೂ ಅಷ್ಟೇ. ಅದರಲ್ಲಿ ಇಂಕೇ ಇಲ್ಲ, ಬಿಸಿ ತಾಗಿ ಕಪ್ಪಾಗುವ ಕಾಗದ ಅದು. ಬಿಸಿಲು, ಬಿಸಿ, ಪ್ಲಾಸ್ಟಿಕ್ಕು ಯಾವುದು ತಾಗಿದರೂ ಮಾಸುತ್ತದೆ. ಗ್ಯಾರಂಟಿ ಇರುವ ವಸ್ತುವಿನದಾದರೆ ಅದೇ ವಾರ ಜೆರಾಕ್ಸ್ ತೆಗೆಸಿ, ಎರಡನ್ನೂ ಕೂಡಿ ಇಡಿ. ಫೈಲಿಗೆ ಹಾಕುವ ಮೊದಲು ಸ್ಟೇಪ್ಲರ್ ಪಿನ್ನು, ಗುಂಡುಪಿನ್ನು ಎಲ್ಲ ತೆಗೆಯಿರಿ, ತೇವಕ್ಕೆ ತುಕ್ಕು ಹಿಡಿದು ಕಾಗದವನ್ನು ಕೊರೆಯುತ್ತವೆ. ರಬ್ಬರ್ ಬ್ಯಾಂಡಿನ ಬಗ್ಗೆ ಹೇಳುವುದೇ ಬೇಡ. ನನ್ನ ಒಂದು ಹಳೆ ಕಟ್ಟಿನ ಮೇಲೆ ಅದು ಕರಗಿ ಬೆಲ್ಲದ ಪಾಕದ ಹಾಗೆ ಅಂಟಿ ಕೂತಿದೆ, ಈಗಲೂ ಹಾಗೇ ಇದೆ. ಹರಿದ ತೂತಿಗೆ ಪಾರದರ್ಶಕ ಟೇಪು ಹಚ್ಚುವುದೂ ಬೇಡ, ಹಳದಿಯಾಗಿ ಜಿನುಗುತ್ತದೆ. ತೂತಿನ ಸುತ್ತ ಅಂಟಿಸುವ ಉಂಗುರದಂಥ ಚೀಟಿ ಸಿಗುತ್ತದಲ್ಲ, ಅದೇ ಲೇಸು.

ಕೊಳ್ಳುವುದು ಬೇಡ ಎನ್ನುವವರು ಮನೆಯಲ್ಲೇ ಮಾಡಬಹುದು. ಎ4 ಹಾಳೆ 210ಕ್ಕೆ 297 ಮಿಲಿಮೀಟರ್. ಎರಡು ಗಟ್ಟಿ ರಟ್ಟನ್ನು ಎತ್ತರದಲ್ಲಿ ಒಂದು ಸೆಂಟಿಮೀಟರ್, ಅಗಲದಲ್ಲಿ ಒಂದು ಸೆಂಟಿಮೀಟರ್ ಜಾಸ್ತಿ ಇಟ್ಟು ಕತ್ತರಿಸಿ. ಬೆನ್ನಿನ ಅಂಚಿನಿಂದ ಮೂರು ಸೆಂಟಿಮೀಟರ್ ಒಳಗೆ, ಖಾಲಿ ಬಾಲ್ ಪೆನ್ನಿನಿಂದ ಸ್ಕೇಲು ಹಿಡಿದು ಎರಡು ಮೂರು ಸಲ ಒತ್ತಿ ಗೀರಿ. ರಟ್ಟು ತೆರೆಯುವಾಗ ಮಡಚಿಕೊಳ್ಳುವ ಜಾಗ ಅದು. ಗೀರಿನ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಹಿಟ್ಟಿನ ಅಂಟು ಹಚ್ಚಬೇಡಿ, ಬೆಳ್ಳಿಬಣ್ಣದ ಪುಟ್ಟ ಹುಳಕ್ಕೆ ಅದು ಹಬ್ಬದೂಟ. ಕಂಬಿಯ ಬದಲು ಕಚೇರಿ ಕಡತಕ್ಕೆ ಹಾಕುವ ಟ್ಯಾಗು ಅಥವಾ ಷೂ ಲೇಸು ಸಾಕು. ಲೇಸು ಕಾಗದದ ಜೊತೆ ತಾನೂ ಬೆಳೆಯುತ್ತದೆ, ಉದ್ದ ಇದ್ದರೆ ಸರಿ. ಗಂಟು ಮಾತ್ರ ಎಳೆದರೆ ಬಿಚ್ಚುವಂಥದ್ದು ಹಾಕಿ.

ಹೆಸರಿನ ಚೀಟಿಯನ್ನು ಬೆನ್ನಿನ ಮೇಲಿನ ಪಟ್ಟಿಗೆ ಅಂಟಿಸಿ, ಒಳಗೆ ಜಾರುವ ಪಟ್ಟಿಗಲ್ಲ. ದಪ್ಪ ಫೈಲನ್ನು ಮಲಗಿಸಿ ಇಡಿ. ನೆಲಕ್ಕೆ, ತೇವ ಬರುವ ಗೋಡೆಗೆ ತಾಗಬಾರದು. ಅಷ್ಟು ಸಾಕು.

ಮೊಮ್ಮಗ ಒಂದು ದಿನ, “ಅಜ್ಜಿ, ಇದೆಲ್ಲ ಫೋನಲ್ಲಿ ಸ್ಕ್ಯಾನ್ ಮಾಡಿಟ್ಟರೆ ಆಯ್ತಲ್ವಾ, ಇಷ್ಟು ಕಷ್ಟ ಯಾಕೆ?” ಎಂದ. ಮಾಡಿಡು ಕಣೋ, ಒಳ್ಳೆಯದೇ ಎಂದೆ. ಕೂತು ಇಡೀ ಸಂಪುಟ ಬಿಚ್ಚಿ ಫೋಟೋ ತೆಗೆದ, ಹಾಳೆಗಳನ್ನು ಕ್ರಮವಾಗಿಯೇ ಜೋಡಿಸಿದ, ಸ್ಕ್ರೂ ಕೂಡ ಸರಿಯಾಗಿ ಬಿಗಿದ. ಮುಂದಿನ ಸಲ ಫೈಲು ತೆಗೆದಾಗ ರೀಫಿಲ್ಲುಗಳೇ ಇಲ್ಲ. ಖಾಲಿ ಇದ್ದವಲ್ಲ ಅಜ್ಜಿ, ಕಸಕ್ಕೆ ಹಾಕಿದೆ ಎಂದ. ಈಗ ಬೇರೆ ಎರಡನ್ನು ಒಂದು ಚಿಕ್ಕ ಕವರಿನಲ್ಲಿ ಹಾಕಿ ಮೊದಲ ಹಾಳೆಗೇ ಕಟ್ಟಿದ್ದೇನೆ, ಮೇಲೆ ದಪ್ಪ ಅಕ್ಷರದಲ್ಲಿ “ಎಸೆಯಬೇಡ” ಎಂದು ಬರೆದು.