ಹಳದಿಯೂ ಅಚ್ಚೇ ಆಗಿತ್ತು

ಕೆಲಸಕ್ಕೆ ಅಂತ ಮಿಶಿಗನ್‌ಗೆ ಬಂದ ಮೇಲೆ ಹತ್ತಿದ ಚಟ ಇದು: ಹಳೇ ಆಟಿಕೆ ಜಾಹೀರಾತುಗಳನ್ನು ಕೂಡಿಡುವುದು. ಅದರಲ್ಲೂ ಬಕ್ ರೋಜರ್ಸ್‌ದು. 1929ರಲ್ಲಿ ಪತ್ರಿಕೆಗಳಲ್ಲಿ ಶುರುವಾದ ಕಾಮಿಕ್ ಕಥೆ. ನಾಯಕ ಐನೂರು ವರ್ಷ ನಿದ್ದೆ ಹೊಡೆದು 25ನೇ ಶತಮಾನದಲ್ಲಿ ಏಳುತ್ತಾನೆ. ಅವನ ಕೈಯ ಪಿಸ್ತೂಲನ್ನು ಡೈಸಿ ಕಂಪನಿ 1934ರಲ್ಲಿ ತಗಡಿನಲ್ಲಿ ಮಾಡಿ 50 ಸೆಂಟ್‌ಗೆ ಮಾರಿತು. ಹೆಸರು ಎಕ್ಸ್‌ಝಡ್-31 ರಾಕೆಟ್ ಪಿಸ್ತೂಲ್. ಗುಂಡಿಲ್ಲ, ಮದ್ದಿಲ್ಲ, ಬರೀ ಸದ್ದು! ಕಾರ್ಖಾನೆ ಇದ್ದದ್ದು ಇಲ್ಲೇ ಪ್ಲಿಮತ್‌ನಲ್ಲಿ. 1958ರಲ್ಲಿ ಅರ್ಕಾನ್ಸಾಗೆ ಹೋಯಿತು. ಹೋದ ಊರಿನ ಹೆಸರೂ ರೋಜರ್ಸ್, ಸುಮ್ನೆ ಕಾಕತಾಳೀಯ.

ಮೊದಲ ಹಾಳೆ ಸಿಕ್ಕಿದ್ದು ಹಳೇ ಸಾಮಾನಿನ ಸಂತೆಯಲ್ಲಿ. ಕಪ್ಪು ಬಿಳುಪು ಜಾಹೀರಾತು, ಕಾಗದ ಚೆನ್ನಾಗಿ ಹಳದಿಯಾಗಿತ್ತು. 40 ಡಾಲರ್ ಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಎದೆ ಧಸಕ್ ಅಂತು. ಏನೂ ಬರೆಯದ ಅಂಚಿನಲ್ಲೂ ಸಣ್ಣ ಸಣ್ಣ ಹಳದಿ, ಕೆಂಪು ಚುಕ್ಕೆಗಳು! ಬಣ್ಣದ ಅಚ್ಚು ಮೂಡುವುದೇ ಇಂಥ ಚುಕ್ಕೆಗಳಿಂದ. ಅಂದರೆ ಆ ಹಳದಿ ಕಾಗದಕ್ಕೆ ವಯಸ್ಸಾಗಿ ಬಂದಿದ್ದಲ್ಲ, ಯಾರೋ ಅಸಲಿಯನ್ನು ಸ್ಕ್ಯಾನ್ ಮಾಡಿ ಹಳದಿಯನ್ನೂ ಸೇರಿಸಿ ಅಚ್ಚು ಹಾಕಿದ್ದರು. ಹಿಂದೆ ತಿರುಗಿಸಿದರೆ ಖಾಲಿ. ಪತ್ರಿಕೆ ಹಾಳೆಯ ಬೆನ್ನು ಖಾಲಿ ಇರುತ್ತಾ? ಕೊಳ್ಳುವಾಗ ಅಷ್ಟೂ ಹೊಳೆಯಲಿಲ್ಲ.

ಈಗ ಭೂತಗನ್ನಡಿ ಜೇಬಲ್ಲೇ ಇರುತ್ತೆ. ಅಸಲಿಯಲ್ಲಿ ಅಕ್ಷರ ಗಟ್ಟಿ ಕಪ್ಪು, ಶಾಯಿ ಅಂಚಲ್ಲಿ ಸ್ವಲ್ಪ ಹರಡಿರುತ್ತದೆ. ಹಳದಿ ಒಂದೇ ಸಮ ಇರುವುದಿಲ್ಲ, ಗಾಳಿ ಬೆಳಕು ತಾಗಿದ ಅಂಚಿನಲ್ಲಿ ಜಾಸ್ತಿ.

ಅಸಲಿ ಸಿಕ್ಕಾಗ ಬೇರೆ ತಪ್ಪು ಮಾಡಿದೆ. ಹರಿದ ಕಡೆ ಹಿಂದಿನಿಂದ ಸೆಲೋ ಟೇಪ್ ಅಂಟಿಸಿದೆ. ಕೆಲವೇ ವರ್ಷದಲ್ಲಿ ಅಂಟು ಕಂದಾಗಿ, ಪಿಸ್ತೂಲಿನ ಮೂತಿಯ ಮೇಲೇ ಕಲೆ ಮೂಡಿತು. ಈಗ ತೆಳು ಜಪಾನೀ ಕಾಗದ, ಗೋಧಿ ಗಂಜಿಯ ಅಂಟು, ಅಷ್ಟೇ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಆಮ್ಲವಿಲ್ಲದ ರಟ್ಟಿನ ಜೊತೆ ಪಾಲಿಯೆಸ್ಟರ್ ಕವರಿಗೆ ಹಾಕಿ, ಕತ್ತಲೆ ಬೀರುವಿನಲ್ಲಿ ಇಡುತ್ತೇನೆ.

ಹಾಗಾದರೆ ನೋಡುವುದು ಯಾವಾಗ ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದೆ. ಕಾಗದ ತೆಳು, ಹಿಂದಿನ ಪುಟದ ಅಕ್ಷರಗಳು ಮುಂದಕ್ಕೆ ಇಣುಕುತ್ತಿದ್ದವು. ಬೆನ್ನಿಗೆ ಒಂದು ಕಪ್ಪು ಹಾಳೆ ಇಟ್ಟ ಮೇಲೆ ಮಾಯವಾದವು. ಅದರ ಪ್ರಿಂಟ್ ಈಗ ಗೋಡೆ ಮೇಲಿದೆ. ಫ್ರೇಮಿಗೆ ಹಾಕುವ ಮುಂಚೆ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದೆ: ನಕಲು.